ಅವ್ಯಕ್ತದ ಮೂರು ತಿಂಗಳು



ಬಸುರಿನ ಮೊದಲ ಮೂರು ತಿಂಗಳ ಅನುಭವವನ್ನು ಈ ಉಪನ್ಯಾಸಕ್ಕೆ ವಿಷಯವಾಗಿ ಆರಿಸಿಕೊಂಡಿರುವೆನೆಂದು ನಾನು ತಿಳಿಸಿದಾಗ, ವ್ಯವಸ್ಥಾಪಕರು ಸೌಜನ್ಯಕ್ಕೆ ಲೋಪ ಬಾರದಂತೆ, ಆದರೆ ತುಸು ಅಳುಕಿನಿಂದಲೇ, ಅದು ವೈದ್ಯರ ಸಭೆಗೆ ಹೆಚ್ಚು ಒಪ್ಪುವ ವಿಷಯವಲ್ಲವೆ ಎಂದು ಕೇಳಿದರು. ವೈದ್ಯರು ಹೇಳತಕ್ಕದ್ದನ್ನು ವೈದ್ಯರು ಈಗಾಗಲೇ ಚೆನ್ನಾಗಿ ಹೇಳಿರುವರು; ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ವನ್ನು ತಲೆದಿಂಬಿನ ಬಳಿಯಿಟ್ಟುಕೊಂಡು ಧೈರ್ಯ ತಂದುಕೊಂಡ ತಾಯಂದಿರು ಈ ಸಭೆಯಲ್ಲಿಯೇ ಇರಬಹುದು. ನಾನು ವೈದ್ಯಳಲ್ಲ, ಕನ್ನಡವನ್ನು ಓದಿ, ಓದಿಸಿ, ಎರಡು ಮಕ್ಕಳನ್ನು ಹೆತ್ತು, ಆಮೇಲೆ ಮಗಳ ಮತ್ತು ಸೊಸೆಯ ಬಸುರನ್ನು ಹತ್ತಿರದಿಂದ ಕಂಡವಳು. ಸಾಹಿತ್ಯಕ್ಕೂ ಶಾಸ್ತ್ರಕ್ಕೂ ಮನೆವಾರ್ತೆಗೂ ಸಮಾನವಾಗಿ ಸೇರಿದ ಈ ವಿಷಯವು ಆ ಮೂರರಲ್ಲಿ ಯಾವುದರ ಗಮನಕ್ಕೂ ಪೂರ್ತಿಯಾಗಿ ಬಾರದೆ ಉಳಿದುದೇಕೆ ಎಂಬ ಪ್ರಶ್ನೆಯೇ ನನ್ನನ್ನು ಇಲ್ಲಿಗೆ ಕರೆತಂದಿದೆ.

ನಮ್ಮ ಸಂಪ್ರದಾಯದಲ್ಲಿ ಗರ್ಭಿಣಿಗೆ ಸಲ್ಲುವ ಮರ್ಯಾದೆ ಸಾಮಾನ್ಯವಾದುದಲ್ಲ. ಐದರಲ್ಲಿಯೋ ಏಳರಲ್ಲಿಯೋ ಹಸಿರು ಸೀರೆಯುಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಉತ್ತರದ ಸೀಮೆಯವರು ಕುಬುಸವೆಂದೂ ದಕ್ಷಿಣದವರು ಸೀಮಂತವೆಂದೂ ಕರೆಯುವ ಸಂಭ್ರಮವನ್ನು ನಡೆಸುವಾಗ, ಆ ಹೆಣ್ಣುಮಗಳು ಅಂದಿನ ಮಟ್ಟಿಗಾದರೂ ಮನೆಗೆ ರಾಣಿಯೇ ಸರಿ. ಆದರೆ ಒಂದರಿಂದ ಮೂರರವರೆಗಿನ ತಿಂಗಳುಗಳಿಗೆ ನಾವು ಏನನ್ನು ಇಟ್ಟಿರುವೆವು? ಗೃಹ್ಯಸೂತ್ರಗಳು ಈ ಅವಧಿಯಲ್ಲಿ ಪುಂಸವನವನ್ನು ವಿಧಿಸಿರುವುದೇನೋ ಉಂಟು. ಆದರೆ ಆಲದ ಚಿಗುರಿನ ರಸವನ್ನು ಮೂಗಿನ ಬಲಹೊಳ್ಳೆಗೆ ಹಿಂಡುವ ಆ ಕರ್ಮದ ಉದ್ದೇಶವು ಗಂಡು ಸಂತಾನವಾಗಿರುವುದರಿಂದ, ಅದನ್ನು ತಾಯಿಗೆ ಸಂದ ಉಪಚಾರವೆಂದು ಲೆಕ್ಕಕ್ಕೆ ಹಿಡಿಯಲು ನಾನು ಸಿದ್ಧಳಿಲ್ಲ. ಉಳಿದಂತೆ ಇರುವುದು ಒಂದೇ ಒಂದು ವಿಧಿ: ಮೂರು ತುಂಬುವ ತನಕ ಯಾರಿಗೂ ಹೇಳಬೇಡ. ಶಿಶುವಿನ ಶರೀರದಲ್ಲಿ ಮುಂದೆ ಏನೇನು ಇರಬೇಕೋ ಅದೆಲ್ಲದರ ನಿರ್ಮಾಣವು ನಡೆಯುವ, ತಾಯಿಯ ಶರೀರವು ಅತ್ಯಂತ ಕಂಗೆಡುವ, ಗರ್ಭವು ಕೈಬಿಟ್ಟುಹೋಗುವ ಭಯವು ಎಲ್ಲಕ್ಕಿಂತ ಹೆಚ್ಚಾಗಿರುವ ಕಾಲಕ್ಕೆ ನಾವು ಕೊಟ್ಟಿರುವ ಏಕೈಕ ಸಂಸ್ಕಾರವೆಂದರೆ ಮೌನ. ಆ ಮೌನಕ್ಕೆ ಒಂದು ಕಾಲದಲ್ಲಿ ಅರ್ಥವಿದ್ದಿತೆಂದೂ, ಇಂದು ಅದರ ಅರ್ಥವು ಸವೆದು ಭಾರವು ಮಾತ್ರ ಉಳಿದಿರುವುದೆಂದೂ ನಾನು ನಿವೇದಿಸಬಯಸುವೆನು.

ಮೂರು ತಿಂಗಳೆಂಬ ಲೆಕ್ಕವೇ ಮೊದಲು ವಿಚಿತ್ರವಾದುದು. ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳನ್ನು ಎಣಿಸಿ ಹೆರಿಗೆಯ ದಿನವನ್ನು ಹೇಳುವುದು ವೈದ್ಯರ ಪದ್ಧತಿಯಾದುದರಿಂದ, ಆ ಎಣಿಕೆಯ ಮೊದಲ ಎರಡು ವಾರಗಳಲ್ಲಿ ಗರ್ಭವೆಂಬುದು ಇರುವುದೇ ಇಲ್ಲ. ನಮ್ಮ ತಾಯಂದಿರು ಇಲ್ಲದ ಬಸುರನ್ನು ಹದಿನಾಲ್ಕು ದಿನ ಹೊತ್ತ ಕೀರ್ತಿಯನ್ನು ಪುಕ್ಕಟೆಯಾಗಿ ಪಡೆಯುವರು. ತಿಂಗಳು ತಪ್ಪಿತೆಂಬ ಅನುಮಾನ ಹುಟ್ಟುವ ವೇಳೆಗೆ ಲೆಕ್ಕದಲ್ಲಿ ನಾಲ್ಕು ವಾರಗಳು ಸಂದಿರುತ್ತವೆ, ಭ್ರೂಣವು ಗರ್ಭಕೋಶದ ಒಳಪೊರೆಯಲ್ಲಿ ನೆಲೆಯೂರಿ ಕೆಲವು ದಿನಗಳಾಗಿರುತ್ತವೆ. ಪ್ರಯಾಣದ ಆಯಾಸವೋ ಪರೀಕ್ಷೆಯ ಚಿಂತೆಯೋ ಕಾರಣವಿರಬಹುದೆಂದು ಇನ್ನೊಂದು ವಾರವನ್ನು ಕಳೆಯುವಷ್ಟರಲ್ಲಿ, ಹೃದಯವಾಗಲಿರುವ ಸಣ್ಣ ನಾಳವು ಮಿಡಿಯತೊಡಗುವುದು; ಮಿದುಳು ಮತ್ತು ಬೆನ್ನುಹುರಿಗಳಿಗೆ ಮೂಲವಾದ ನಳಿಕೆಯು ಗರ್ಭಾಂಕುರವಾದ 28ನೆಯ ದಿನದ ಸುಮಾರಿಗೆ ಮುಚ್ಚಿಕೊಂಡು ಮುಗಿಯುವುದು. ಅನೇಕ ಹೆಂಗಸರಿಗೆ ತಾವು ಬಸುರಿಯೆಂಬುದು ಖಚಿತವಾಗುವುದಕ್ಕಿಂತ ಮೊದಲೇ ಇಷ್ಟೆಲ್ಲವೂ ನಡೆದುಹೋಗಿರುತ್ತದೆ. ಹನ್ನೆರಡನೆಯ ವಾರ ಮುಗಿಯುವಾಗ ಶಿಶುವು ನೆತ್ತಿಯಿಂದ ಕುಂಡೆಯವರೆಗೆ ಐದಾರು ಸೆಂಟಿಮೀಟರಿನಷ್ಟು ಮಾತ್ರ ಇದ್ದರೂ ಬೆರಳುಗಳನ್ನೂ ಮುಖವನ್ನೂ ಪಡೆದಿರುತ್ತದೆ. ಆದರೂ ತಾಯಿಯ ಸೆರಗಿನ ನಿರಿ ಒಂದಿಷ್ಟೂ ಕದಲಿರುವುದಿಲ್ಲ.

ಈ ಗೂಢವನ್ನು ಭೇದಿಸಲು ಮನುಷ್ಯನು ಪಟ್ಟ ಪಾಡು ಸ್ವಾರಸ್ಯವಾದುದು. 1928ರ ಸುಮಾರಿಗೆ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ಇಬ್ಬರು ವಿಜ್ಞಾನಿಗಳು, ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಅವನ್ನು ಕೊಂದು, ಅಂಡಾಶಯವನ್ನು ನೋಡಿ ಬಸುರನ್ನು ನಿಶ್ಚಯಿಸುವ ಕ್ರಮವನ್ನು ಕಂಡುಹಿಡಿದರು. ಅನಂತರದ ದಶಕದಲ್ಲಿ ದಕ್ಷಿಣ ಆಫ್ರಿಕದ ಒಂದು ಜಾತಿಯ ಕಪ್ಪೆ ಬಂದಿತು. ಬಸುರಿಯ ಮೂತ್ರವನ್ನು ಚುಚ್ಚಿದರೆ ಅದು ಒಂದು ದಿನದೊಳಗೆ ಮೊಟ್ಟೆಯಿಡುವುದು, ಸಾಯುವುದೂ ಇಲ್ಲ. ಇಂದು ಔಷಧದಂಗಡಿಯ ಪಟ್ಟಿಯೊಂದು ಬಸುರಿಯ ಮೂತ್ರದಲ್ಲಿರುವ ಅದೇ ರಸವಿಶೇಷವನ್ನು ಎರಡು ಗೆರೆಗಳಲ್ಲಿ ತೋರಿಸಿಬಿಡುತ್ತದೆ. ಆದರೆ ಇಲಿಯೂ ಕಪ್ಪೆಯೂ ಪಟ್ಟಿಯೂ ಬರುವ ಮುಂಚೆ ನಮ್ಮ ಮನೆಗಳಲ್ಲಿ ಇದು ಗೂಢವಾಗಿತ್ತೆಂದು ಭಾವಿಸಿದರೆ ತಪ್ಪಾದೀತು. ತಿಂಗಳಿಗೆ ಮೂರು ದಿನ ಹೊರಗೆ ಕೂಡುವ ಆಚಾರವಿದ್ದ ಮನೆಯಲ್ಲಿ, ಯಾವ ಸೊಸೆ ಯಾವಾಗ ಹೊರಗಾದಳು, ಯಾವಾಗ ಆಗಲಿಲ್ಲ ಎಂಬುದು ಅತ್ತೆಗೆ ಪಂಚಾಂಗದಷ್ಟೇ ಸ್ಪಷ್ಟವಾಗಿದ್ದಿತು. ಆ ಆಚಾರವು ಹೆಣ್ಣಿಗೆ ಮಾಡಿದ ಅವಮಾನವನ್ನು ನಾನು ಬಲ್ಲೆ. ಅದು ಹೋದುದಕ್ಕಾಗಿ ದೇವರಿಗೆ ಕೈಮುಗಿಯುವೆನು. ನಾನು ಹೇಳಬೇಕೆಂದಿರುವುದು ಇಷ್ಟೆ: ಯಾರಿಗೂ ಹೇಳಬೇಡವೆಂಬ ವಿಧಿಯು ಅಂದು ಮನೆಯ ಹೊಸಿಲಿನಿಂದ ಹೊರಕ್ಕೆ ಮಾತ್ರ ಅನ್ವಯಿಸುತ್ತಿದ್ದಿತು, ಒಳಗಿದ್ದ ನಾಲ್ಕಾರು ಹೆಂಗಸರು ಹೇಳದೆಯೇ ಬಲ್ಲವರಾಗಿದ್ದರು. ಇಂದು ನಗರದ ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡಿರಿಬ್ಬರೇ ಇರುವಾಗ ಅದೇ ವಿಧಿಯನ್ನು ಅದೇ ಶ್ರದ್ಧೆಯಿಂದ ಪಾಲಿಸಿದರೆ, ಬಲ್ಲವರು ಯಾರೂ ಉಳಿಯುವುದಿಲ್ಲ.

ನನ್ನ ಚೊಚ್ಚಲು ಬಸುರಿನ ಎರಡನೆಯ ತಿಂಗಳಲ್ಲಿ ಇಂಗಿನ ಒಗ್ಗರಣೆಯ ವಾಸನೆ ಬಂದರೆ ಸಾಕು, ನನಗೆ ಜಗತ್ತೇ ತಲೆಕೆಳಗಾಗುತ್ತಿದ್ದಿತು. ನಾನು ಯಾರಿಗೂ ಏನನ್ನೂ ಹೇಳಿರಲಿಲ್ಲ. ಹಿರಿಯ ವಾರಗಿತ್ತಿ ಒಂದು ಬೆಳಿಗ್ಗೆ ನನ್ನ ಮುಖವನ್ನೊಮ್ಮೆ ನೋಡಿ, ಒಲೆಯ ಮುಂದಿನ ಮಣೆಯನ್ನು ತಾನು ಎಳೆದುಕೊಂಡು, ‘ನೀ ಹಿತ್ತಲಿಗೆ ಹೋಗಿ ಸೊಪ್ಪು ಸೋಸು ತಂಗಿ, ಇಲ್ಲಿ ಹೊಗೆ’ ಎಂದಳು. ಆಮೇಲೆ ಎಷ್ಟೋ ದಿನಗಳವರೆಗೆ ಒಲೆ ನನ್ನ ಪಾಲಿಗೆ ಬರಲಿಲ್ಲ, ಕಾರಣವನ್ನು ಯಾರೂ ಆಡಲಿಲ್ಲ. ನನ್ನ ಸೊಸೆಯ ಕಾಲಕ್ಕೆ ವಿದ್ಯೆ ಹೆಚ್ಚಿದೆ, ವೈದ್ಯರು ಹತ್ತಿರದಲ್ಲಿರುವರು. ಆದರೆ ಅವಳು ಬೆಂಗಳೂರಿನ ಬಸ್ಸಿನಲ್ಲಿ ನಿಂಬೆಹಣ್ಣನ್ನು ಮೂಸುತ್ತ ಹೋಗಿ, ಕಚೇರಿಯ ಊಟದ ಕೋಣೆಯಲ್ಲಿ ಹತ್ತು ಜನರ ಡಬ್ಬಿಗಳು ಬಿಸಿಯಾಗುವ ವಾಸನೆಗೆ ಸ್ನಾನದ ಕೋಣೆಗೆ ಓಡಿ, ಕೇಳಿದವರಿಗೆ ‘ಅಸಿಡಿಟಿ’ ಎಂದು ಉತ್ತರ ಕೊಟ್ಟು ಆ ದಿನಗಳನ್ನು ಕಳೆದಳು.

ವಾಂತಿಯೆಂಬುದನ್ನು ಎಲ್ಲರೂ ಬಲ್ಲರು; ಅದಕ್ಕಿಂತ ಬಾಧಕವಾದುದು ವಾಂತಿಯಾಗದೆ ಗಂಟಲಲ್ಲಿಯೇ ನಿಂತುಬಿಡುವ ಓಕರಿಕೆ, ಬಾಯಲ್ಲಿ ಲೋಹವನ್ನಿಟ್ಟಂತಹ ರುಚಿ, ನಿನ್ನೆ ಪ್ರಿಯವಾಗಿದ್ದ ಕಾಫಿಯ ಮೇಲೆ ಇಂದು ಹುಟ್ಟುವ ಜುಗುಪ್ಸೆ, ಮತ್ತು ಆ ನಿದ್ರೆ. ಆ ನಿದ್ರೆಯನ್ನು ವರ್ಣಿಸುವುದು ಕಷ್ಟ. ಶರೀರದಲ್ಲಿ ಪ್ರೊಜೆಸ್ಟರೋನ್ ಏರುವುದರಿಂದ ಬರುವುದೆಂದು ಶಾಸ್ತ್ರಜ್ಞರು ಹೇಳುವ ಈ ಆಯಾಸವು ದುಡಿದು ದಣಿದವರ ಆಯಾಸದಂತಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕುಳಿತಲ್ಲಿಯೇ ಕಣ್ಣು ಮುಚ್ಚಿಕೊಳ್ಳುವುದು, ರಾತ್ರಿ ಹತ್ತು ಗಂಟೆ ಮಲಗಿದ್ದರೂ ಬೆಳಿಗ್ಗೆ ಆ ಋಣವು ತೀರಿರುವುದಿಲ್ಲ. ಏನೂ ಕಾಣದಿರುವಾಗ ಇಷ್ಟೊಂದು ದಣಿವೇಕೆಂದು ಮನೆಯ ಗಂಡಸರು ಬೆರಗಾಗುವರು. ರಕ್ತದ ಪರಿಮಾಣವು ಹೆಚ್ಚತೊಡಗಿ, ಹೃದಯವು ಹೆಚ್ಚು ದುಡಿಯುತ್ತ, ಮಾಸು ಎಂಬ ಒಂದು ಹೊಸ ಅಂಗವನ್ನೇ ಆ ಶರೀರವು ಕಟ್ಟುತ್ತಿರುವುದೆಂಬುದು ಅವರ ಕಣ್ಣಿಗೆ ಬೀಳುವಂಥದಲ್ಲ. ಮನಸ್ಸಿನ ಸ್ಥಿತಿಯೂ ಹಾಗೆಯೇ: ಆನಂದವು ಉಕ್ಕಬೇಕೆಂದು ಎಲ್ಲರೂ ನಿರೀಕ್ಷಿಸುವ ಹೊತ್ತಿನಲ್ಲಿ, ಬಯಸಿ ಪಡೆದ ಬಸುರಿನಲ್ಲಿಯೂ, ಇದು ನನಗೆ ಬೇಕಿದ್ದಿತೆ ಎಂಬ ಒಂದು ಶಂಕೆ ಸುಳಿದು ಹೋಗುವುದುಂಟು, ಅದನ್ನು ಬಾಯಿಬಿಟ್ಟು ಆಡುವ ಧೈರ್ಯವು ಬಹಳ ಮಂದಿಗೆ ಇರುವುದಿಲ್ಲ.

ಗರ್ಭಿಣಿಯರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಮಂದಿಯನ್ನು ಬಾಧಿಸುವ ಈ ಓಕರಿಕೆಗೆ ಕಾರಣವನ್ನು ಹುಡುಕುವುದರಲ್ಲಿ ವಿದ್ವಾಂಸರು ಬಹುಕಾಲ ಉದಾಸೀನರಾಗಿದ್ದರು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಮಿತಿಮೀರಿದ ವಾಂತಿಯು ತಾಯ್ತನವನ್ನು ಅಂತರಂಗದಲ್ಲಿ ನಿರಾಕರಿಸುವವಳ ಮನೋವಿಕಾರವೆಂದು ಪಶ್ಚಿಮದ ಕೆಲವು ವೈದ್ಯರು ಗಂಭೀರವಾಗಿಯೇ ಬರೆದರು. ನೀರೂ ನಿಲ್ಲದೆ ತೂಕವಿಳಿದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ದ್ರವವೇರಿಸಿಕೊಳ್ಳುತ್ತ ಮಲಗಿದವಳಿಗೆ, ತಪ್ಪು ನಿನ್ನ ಮನಸ್ಸಿನದೆಂದು ಹೇಳುವುದಕ್ಕಿಂತ ಕ್ರೂರವಾದ ಚಿಕಿತ್ಸೆ ಇನ್ನಾವುದಿದ್ದೀತು? 2023ರ ಡಿಸೆಂಬರಿನಲ್ಲಿ ಮರ್ಲೀನಾ ಫೆಜೊ, ಸ್ಟೀಫನ್ ಓ’ರಾಹಿಲಿ ಮತ್ತು ಅವರ ಸಹೋದ್ಯೋಗಿಗಳು, ಭ್ರೂಣ ಮತ್ತು ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್ 15 ಎಂಬ ಪದಾರ್ಥವೇ ಇದರ ಮುಖ್ಯ ಕಾರಣವೆಂದೂ, ಬಸುರಿಗೆ ಮುನ್ನ ಯಾರ ರಕ್ತದಲ್ಲಿ ಅದು ಕಡಿಮೆಯಿರುವುದೋ ಅವರಿಗೇ ಬಾಧೆ ಹೆಚ್ಚೆಂದೂ ತೋರಿಸಿಕೊಟ್ಟರು. ‘ನಾವೂ ಹೆತ್ತಿಲ್ಲವೆ, ನಿನ್ನದೊಂದು ಹೊಸತು’ ಎನ್ನುವ ಹಿರಿಯಳಿಗೂ, ಅವಳ ಎದುರು ತಲೆ ತಗ್ಗಿಸಿ ನಿಂತ ಕಿರಿಯಳಿಗೂ ಇದರಲ್ಲಿ ಉತ್ತರವಿದೆ: ಇಬ್ಬರ ರಕ್ತವೂ ಒಂದೇ ಅಲ್ಲ.

ಈ ಮಾಸಗಳನ್ನು ಕುರಿತು ಪ್ರಾಚೀನರು ಯೋಚಿಸಿಲ್ಲವೆಂದಲ್ಲ. ಆಯುರ್ವೇದಕಾರರು ಮೊದಲ ತಿಂಗಳ ಗರ್ಭವನ್ನು ಅವ್ಯಕ್ತವೆಂದು ಕರೆದರು. ಅವಯವಗಳು ಅಲ್ಲಿ ಇರುವುವೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು ಎಂದು ಚರಕನ ಅಭಿಪ್ರಾಯ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭದ ಯಾವ ಅಂಗವು ಮೊದಲು ಹುಟ್ಟುವುದೆಂಬ ವಿಚಾರವಾಗಿ ಒಂದು ವಿದ್ವತ್ಸಭೆಯೇ ನೆರೆದಿದೆ. ಕುಮಾರಶಿರಾ ಭರದ್ವಾಜನು ತಲೆಯೆಂದನು, ಕಾಂಕಾಯನನು ಹೃದಯವೆಂದನು, ಭದ್ರಕಾಪ್ಯನು ನಾಭಿಯೆಂದನು, ಬಡಿಶನು ಕೈಕಾಲುಗಳೆಂದನು, ವಿದೇಹದ ಜನಕನು, ತನಗೆ ತಕ್ಕಂತೆ, ಇಂದ್ರಿಯಗಳೆಂದನು. ಮಾರೀಚಿ ಕಶ್ಯಪನೊಬ್ಬನು ಮಾತ್ರ, ಅದು ಪರೋಕ್ಷವಾದುದರಿಂದ ಯೋಚಿಸಿ ಫಲವಿಲ್ಲವೆಂದು ಸುಮ್ಮನಾದನು. ಎಲ್ಲ ಅಂಗಗಳೂ ಏಕಕಾಲದಲ್ಲಿ ಮೂಡುವುವೆಂಬ ಧನ್ವಂತರಿಯ ಪಕ್ಷವನ್ನು ಆತ್ರೇಯನು ಕೊನೆಗೆ ಎತ್ತಿಹಿಡಿದನು. ಇಂದಿನ ಶಾಸ್ತ್ರವು ಅದನ್ನು ಅಕ್ಷರಶಃ ಒಪ್ಪುವುದಿಲ್ಲ. ದುಡಿಯತೊಡಗುವ ಅಂಗಗಳಲ್ಲಿ ಮೊದಲನೆಯದು ಹೃದಯವಾದುದರಿಂದ ಕಾಂಕಾಯನನಿಗೆ ಒಂದಿಷ್ಟು ಜಯ ಸಂದಿದೆ. ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಎದೆ ತಟ್ಟಿಕೊಳ್ಳುವ ವಾಡಿಕೆ ನನಗಿಲ್ಲ. ನನ್ನನ್ನು ಆಕರ್ಷಿಸುವುದು ಬೇರೆ ಸಂಗತಿ: ಇಷ್ಟು ಮಂದಿ ಮಹರ್ಷಿಗಳು ಗರ್ಭವನ್ನು ಕುರಿತು ವಾದಿಸಿದ ಆ ಸಭೆಯಲ್ಲಿ, ಅದನ್ನು ಹೊತ್ತವಳೊಬ್ಬಳೂ ಇರಲಿಲ್ಲ.

ಕವಿಗಳು ಈ ವಿಷಯದಲ್ಲಿ ಶಾಸ್ತ್ರಕಾರರಿಗಿಂತ ಸೂಕ್ಷ್ಮಜ್ಞರು. ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯ ಮುಖವು ಲೋಧ್ರಪುಷ್ಪದಂತೆ ಬಿಳಿಚಿಕೊಳ್ಳುವುದು, ಒಡವೆಗಳು ಮೈಗೆ ಭಾರವಾಗುವುವು, ಅವಳು ಮಣ್ಣನ್ನು ತಿನ್ನುವಳು. ನಾಚಿಕೆಯಿಂದ ಅವಳು ತನ್ನ ಬಯಕೆಯನ್ನು ಹೇಳಲೊಲ್ಲಳೆಂದು ದಿಲೀಪನು ಅವಳ ಸಖಿಯರನ್ನು ಮತ್ತೆ ಮತ್ತೆ ವಿಚಾರಿಸುವನು. ಕೋಸಲದ ಅಧಿಪತಿಯಾದವನು ಹೆಂಡತಿಗೆ ಏನು ಬೇಕೆಂಬುದನ್ನು ಪರರಿಂದ ಕೇಳಿ ತಿಳಿಯಬೇಕಾಯಿತು. ಕೇಳಿದನೆಂಬುದೇ ಅವನ ಹಿರಿಮೆ. ಮಣ್ಣು ತಿನ್ನುವುದಕ್ಕೆ ಕಾಳಿದಾಸನು ಕೊಡುವ ಕಾರಣವು, ಹುಟ್ಟುವ ಮಗನು ಭೂಮಿಯನ್ನು ಭೋಗಿಸಲಿರುವನೆಂಬುದು, ರಮ್ಯವಾಗಿದೆ. ನಮ್ಮ ಹಳ್ಳಿಗಳಲ್ಲಿ ಸುಟ್ಟ ಮಣ್ಣನ್ನೂ ಹಸಿ ಅಕ್ಕಿಯನ್ನೂ ಕದ್ದು ತಿನ್ನುವ ಬಸುರಿಯರಲ್ಲಿ ಅನೇಕರಿಗೆ ರಕ್ತದಲ್ಲಿ ಕಬ್ಬಿಣದ ಅಂಶ ಸಾಲದೆಂಬುದು ಅಷ್ಟು ರಮ್ಯವಲ್ಲದ ಸತ್ಯ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಕಂಡುಬಂದಿತು. ನಮ್ಮ ಜನಪದರು ತಿಂಗಳಿಗೊಂದು ಬಯಕೆಯನ್ನು ಎಣಿಸುತ್ತ ಹಾಡಿದ ಹಾಡುಗಳಲ್ಲಿ ಹಣ್ಣುಹಂಪಲುಗಳ ಸಮೃದ್ಧಿಯಿದೆ. ಬಡತನದ ಮನೆಗಳಲ್ಲಿ ಆ ಹಾಡೇ ಹಣ್ಣಿನ ಬದಲಿಗೆ ಬಂದಿತೋ ಏನೋ! ಬಾಣಂತಿಯ ಮನಸ್ಸಿನ ಕ್ಷೋಭೆಯನ್ನು ತ್ರಿವೇಣಿಯವರು ‘ಶರಪಂಜರ’ದಲ್ಲಿ ನಿರ್ಭಯವಾಗಿ ಚಿತ್ರಿಸಿದರು. ಅದರ ಜೊತೆಗೆ ಇಡಬಹುದಾದಂತೆ ಮೊದಲ ತಿಂಗಳುಗಳ ಕ್ಷೋಭೆಯನ್ನೇ ವಸ್ತುವಾಗಿ ಮಾಡಿಕೊಂಡ ಕನ್ನಡ ಕಾದಂಬರಿಯು ನನ್ನ ಓದಿನ ಪರಿಧಿಗೆ ಬಂದಿಲ್ಲ.

ಅವ್ಯಕ್ತಮಾಸಗಳ ಮಹತ್ತ್ವವನ್ನು ಆಧುನಿಕರು ಕಲಿತದ್ದು ಬಹುಮಟ್ಟಿಗೆ ದುರಂತಗಳಿಂದ. 1941ರಲ್ಲಿ ಸಿಡ್ನಿಯ ನೇತ್ರವೈದ್ಯನಾದ ನಾರ್ಮನ್ ಗ್ರೆಗ್ ಎಂಬಾತನು, ಹುಟ್ಟುತ್ತಲೇ ಕಣ್ಣಿನಲ್ಲಿ ಪೊರೆಯುಳ್ಳ ಶಿಶುಗಳ ತಾಯಂದಿರಿಗೆ ಬಸುರಿನ ಆರಂಭದಲ್ಲಿ ರೂಬೆಲ್ಲ ತಗುಲಿದ್ದುದನ್ನು ಗುರುತಿಸಿದನು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ನಿದ್ರೆಗೂ ಬಸುರಿನ ಓಕರಿಕೆಗೂ ನಿರಪಾಯಕರವೆಂದು ನಂಬಿ ನುಂಗಿದವರಿಗೆ ಕೈಕಾಲುಗಳು ಮೊಟಕಾದ ಮಕ್ಕಳು ಹುಟ್ಟಿದರು; 1961ರ ಕೊನೆಯಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಳ್ಳುವಷ್ಟರಲ್ಲಿ ನಾನಾ ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅದಕ್ಕೆ ತುತ್ತಾಗಿದ್ದುವು. ಮೊದಲ ತಿಂಗಳುಗಳಲ್ಲಿ ಕೆಲವೇ ದಿನಗಳ ಅವಧಿಯಲ್ಲಿ ಸೇವಿಸಿದ ಮಾತ್ರೆಯು ಒಂದು ಜನ್ಮವನ್ನೇ ರೂಪಿಸಿಬಿಟ್ಟಿತು. ಇವುಗಳ ನಡುವೆ ಸಂತೋಷದ ಕಥೆಯೊಂದು ನಮ್ಮ ದೇಶದಲ್ಲಿಯೇ ಮೊದಲಾದುದು. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು, ಅಲ್ಲಿಯ ಬಟ್ಟೆಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಿಂದ ಅವರು ಚೇತರಿಸಿಕೊಳ್ಳುವುದನ್ನು ಕಂಡಳು. ಅದರಲ್ಲಿದ್ದ ಸತ್ತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಗುರುತಿಸಲ್ಪಟ್ಟಿತು. ಹಿಂದೆ ಬೆನ್ನುಹುರಿಯ ದೋಷವುಳ್ಳ ಮಗುವನ್ನು ಹೆತ್ತವರು ಮುಂದಿನ ಬಸುರಿಗೆ ಮುನ್ನವೇ ಅದನ್ನು ಸೇವಿಸತೊಡಗಿದರೆ, ಅಂತಹ ದೋಷವು ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಗುವುದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಪರೀಕ್ಷೆಯು ಸಿದ್ಧಪಡಿಸಿತು. ಆ ನಳಿಕೆಯು 28 ದಿನಗಳಲ್ಲಿ ಮುಚ್ಚಿಕೊಳ್ಳುವುದಷ್ಟೆ; ಮೂರು ತುಂಬಿದ ಮೇಲೆ ಹೇಳೋಣವೆಂದು ಕಾದು ವೈದ್ಯರಲ್ಲಿಗೆ ಹೋದವಳಿಗೆ ಆ ಮಟ್ಟಿಗೆ ಈ ಮಾತ್ರೆಯ ಪ್ರಯೋಜನವು ದೊರೆಯುವುದಿಲ್ಲ. ಅದೇ ಕುಟುಂಬ ಸಮೀಕ್ಷೆಯ ಪ್ರಕಾರ ಮೊದಲ ಮೂರು ತಿಂಗಳಲ್ಲಿ ವೈದ್ಯಕೀಯ ತಪಾಸಣೆಯನ್ನು ಪಡೆದ ತಾಯಂದಿರು ನೂರಕ್ಕೆ 70 ಮಂದಿ. ಉಳಿದ ಮೂವತ್ತರಲ್ಲಿ ದೂರವೂ ದಾರಿದ್ರ್ಯವೂ ಕಾರಣವಾಗಿರುವಂತೆ ಈ ಮೌನವೂ ಒಂದಿಷ್ಟು ಕಾರಣವಾಗಿರುವುದೆಂದು ನಾನು ನಂಬುವೆನು. ನಮ್ಮ ಆಶಾ ಕಾರ್ಯಕರ್ತೆಯರು ಹನ್ನೆರಡು ವಾರದೊಳಗೆ ಹೆಸರು ಬರೆಸಿಕೊಂಡು ತಾಯಿ ಕಾರ್ಡು ಮಾಡಿಸಲು ಮನೆ ಮನೆಗೆ ಅಲೆಯುವಾಗ, ‘ಇನ್ನೂ ಏನೂ ಇಲ್ಲ ಕಣವ್ವ’ ಎಂದು ಬಾಗಿಲಲ್ಲಿಯೇ ಉತ್ತರ ಕೊಡುವ ಅತ್ತೆಯರು ಕಡಿಮೆಯೇನಿಲ್ಲ.

ಅವರಿಗೂ ಭಯವುಂಟು, ಆ ಭಯವು ನಿರಾಧಾರವಾದುದಲ್ಲ. ಗೊತ್ತಾದ ಬಸುರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ನಿಲ್ಲುವುದಿಲ್ಲ, ಹೋಗುವವುಗಳಲ್ಲಿ ಬಹುಪಾಲು ಈ ಮೂರು ತಿಂಗಳಲ್ಲಿಯೇ ಹೋಗುವುವು. ಊರೆಲ್ಲ ಹರಸಿದ ಮೇಲೆ ಊರೆಲ್ಲರಿಗೂ ಇಲ್ಲವೆಂದು ಹೇಳುವ ಯಾತನೆಯು ತಪ್ಪಲಿ ಎಂಬ ಕರುಣೆಯೇ ಆ ವಿಧಿಯ ಮೂಲವಾಗಿರಬೇಕು. ಆದರೆ ಹೇಳದೆ ಇದ್ದವಳು ಕಳೆದುಕೊಂಡಾಗ ಅಳುವುದಕ್ಕೂ ಅವಳಿಗೆ ಕಾರಣವಿಲ್ಲದಂತಾಗುತ್ತದೆ. ಇಂತಹ ನಷ್ಟಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳ ಎಣಿಕೆಯಲ್ಲಿಯೇ ಉಂಟಾದ ವ್ಯತ್ಯಾಸದಿಂದ ಆಗತಕ್ಕವು. ಅವುಗಳ ವಿಷಯದಲ್ಲಿ ತಾಯಿ ಮಾಡಿದ್ದೂ ಮಾಡದಿದ್ದೂ ಒಂದೇ. ಇದನ್ನು ತಿಳಿಯದವಳು, ಅಂದು ಮೆಟ್ಟಿಲು ಹತ್ತಿದೆ, ಮದುವೆಮನೆಯಲ್ಲಿ ಎಳ್ಳಿನುಂಡೆ ತಿಂದೆ, ಪರಂಗಿ ಹಣ್ಣಿನ ಒಂದು ಹೋಳು ಬಾಯಿಗಿಟ್ಟೆ ಎಂದು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಂಡು, ಮೇಲ್ಮನವಿಯಿಲ್ಲದ ಆ ಶಿಕ್ಷೆಯನ್ನು ವರ್ಷಗಟ್ಟಲೆ ಅನುಭವಿಸುವಳು.

ಕಾಯಿದೆಯು ಈ ವಿಷಯದಲ್ಲಿ ಮನೆಗಿಂತ ಮುಂದೆ ಹೋಗಿರುವುದನ್ನು ನಾನು ಆಶ್ಚರ್ಯದಿಂದ ಓದಿಕೊಂಡೆನು. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಿಗೆ ಏರಿದ್ದನ್ನು ಎಲ್ಲರೂ ಬಲ್ಲರು. ಆದರೆ 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿಯೇ, ಗರ್ಭಪಾತವಾದವಳಿಗೆ ವೇತನಸಹಿತವಾಗಿ ಆರು ವಾರಗಳ ರಜೆಯೂ, ಬಸುರಿನಿಂದ ಉಂಟಾದ ಅಸ್ವಾಸ್ಥ್ಯಕ್ಕೆ ಒಂದು ತಿಂಗಳವರೆಗಿನ ಹೆಚ್ಚುವರಿ ರಜೆಯೂ ಸೇರಿದ್ದುದನ್ನು ಬಲ್ಲವರು ವಿರಳ. ಎರಡಕ್ಕೂ ವೈದ್ಯರ ಪ್ರಮಾಣಪತ್ರ ಬೇಕು, ಅರ್ಜಿ ಬೇಕು, ಅರ್ಜಿಗೆ ಮೊದಲು ಹೇಳಿಕೊಳ್ಳಬೇಕು. ಅಷ್ಟಕ್ಕೆ ಬಾಯಿ ಬಾರದೆ, ಕಾರಣದ ಅಂಕಣದಲ್ಲಿ ‘ಜ್ವರ’ ಎಂದು ಬರೆದು, ನಾಲ್ಕನೆಯ ದಿನ ಬಿಳಿಚಿದ ಮುಖದಿಂದ ಪಾಠಕ್ಕೆ ಹಾಜರಾದ ಅಧ್ಯಾಪಿಕೆಯರನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿರುವೆನು. ಈ ಸಭೆಯಲ್ಲಿ ಶಾಲೆಗಳ, ಕಚೇರಿಗಳ, ಕಾರ್ಖಾನೆಗಳ ಆಡಳಿತವನ್ನು ನಡೆಸುವ ಮಹನೀಯರಿದ್ದಲ್ಲಿ, ಆ ಆರು ವಾರದ ಮತ್ತು ಈ ಒಂದು ತಿಂಗಳ ವಿಷಯವನ್ನು ತಮ್ಮ ಸೂಚನಾಫಲಕದಲ್ಲಿ ತಿಳಿಯಾದ ಕನ್ನಡದಲ್ಲಿ ಬರೆಯಿಸಿ ಹಾಕಬೇಕೆಂದೂ, ಆ ಅರ್ಜಿಯನ್ನು ತೆಗೆದುಕೊಳ್ಳುವ ಮೇಜಿನ ಹಿಂದೆ ಒಬ್ಬ ಹೆಂಗಸನ್ನು ಕೂಡಿಸಬೇಕೆಂದೂ ಕೇಳಿಕೊಳ್ಳುವೆನು.